‘ಅದೇ ಕೊಡಿ’ ಎನ್ನುವ ನಂಬಿಕೆ

ಕಿರಾಣಿ ಅಂಗಡಿಯ ಕಟ್ಟೆಗೆ ಒರಗಿ ಸ್ವಲ್ಪ ಹೊತ್ತು ಗಿರಾಕಿಗಳ ಮಾತು ಕೇಳಿಸಿಕೊಳ್ಳಬೇಕು. ಅಕ್ಕಿ ಬೇಕಾದವರು ‘ಹೊಸದೋ ಹಳೇದೋ’ ಎಂದು ವಿಚಾರಿಸುತ್ತಾರೆ. ತೊಗರಿಬೇಳೆಯನ್ನು ಅಂಗೈಗೆ ಹಾಕಿಸಿಕೊಂಡು ಹುಳು ನೋಡುತ್ತಾರೆ. ಬೆಲ್ಲದ ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದೇ ಗಿರಾಕಿ ಸೋಪಿನ ಸರದಿ ಬಂದಾಗ ಏನನ್ನೂ ನೋಡುವುದಿಲ್ಲ, ಏನನ್ನೂ ಕೇಳುವುದಿಲ್ಲ.

‘ಎರಡು ಮೈಸೂರ್ ಸ್ಯಾಂಡಲ್ ಕೊಡಿ ಶೆಟ್ರೇ.’

‘ಖಾಲಿಯಾಗಿದೆ ಅಮ್ಮಾ, ನಾಳೆ ಬರುತ್ತೆ. ಇದನ್ನ ತಗೊಂಡು ನೋಡಿ. ಇದೂ ಗಂಧದ್ದೇ, ರೇಟೂ ಕಮ್ಮಿ.’

‘ಬೇಡ ಬಿಡಿ. ನಾಳೆನೇ ಬರ್ತೀನಿ.’

ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡಿ ಬಂದ ಹೆಂಗಸು ಆಕೆ. ಕಡಿಮೆ ಬೆಲೆಗೆ ಸಿಗುವುದನ್ನು ಬಿಟ್ಟು, ಜಾಸ್ತಿ ಬೆಲೆಯದ್ದಕ್ಕಾಗಿ ನಾಳೆ ಮತ್ತೊಮ್ಮೆ ಅಷ್ಟು ದೂರ ನಡೆದು ಬರಲು ಸಿದ್ಧಳಾಗಿ ಹೋಗುತ್ತಾಳೆ. ಶೆಟ್ಟರು ಕೂಡ ಒತ್ತಾಯ ಮಾಡುವುದಿಲ್ಲ. ಕೆಲವು ಗಿರಾಕಿಗಳನ್ನು ಕೆಲವು ಹೆಸರುಗಳಿಂದ ಕದಲಿಸಲಾಗದು ಎಂಬುದು ಅವರಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಗೊತ್ತಾಗಿರುವ ವಿಷಯ.

ನನಗೆ ಇದು ಎಂದಿಗೂ ಹಳತಾಗದ ಬೆರಗು. ಎಣ್ಣೆಗೋ ಕೊಬ್ಬಿಗೋ ಕಾಸ್ಟಿಕ್ ಸೋಡಾ ಸೇರಿಸಿ ಕಾಯಿಸಿದರೆ ಒಂದು ಕಡೆ ಸೋಪು, ಇನ್ನೊಂದು ಕಡೆ ಗ್ಲಿಸರಿನ್ ಆಗುತ್ತದೆ. ಲೋಕದ ಬಹುತೇಕ ಸೋಪುಗಳ ಮೂಲ ಇಷ್ಟೇ. ಕೊಳೆ ತೆಗೆಯುವ ಕೆಲಸದಲ್ಲಿ ಒಂದಕ್ಕೂ ಮತ್ತೊಂದಕ್ಕೂ ಆಕಾಶ ಭೂಮಿಯ ಅಂತರವೇನೂ ಇಲ್ಲ. ಹಾಗಿದ್ದರೂ ಒಂದು ಹೆಸರು ಮೂರು ತಲೆಮಾರುಗಳ ಬಚ್ಚಲುಮನೆಯಲ್ಲಿ ಉಳಿಯುತ್ತದೆ. ಹೊರಗೆ ರಾಜ್ಯ ಬದಲಾಯಿತು, ನಾಣ್ಯ ಬದಲಾಯಿತು, ಸೌದೆಯ ಹಂಡೆ ಹೋಗಿ ಗೀಸರ್ ಬಂತು. ಗೂಡಿನಲ್ಲಿ ಕೂತ ಸೋಪು ಮಾತ್ರ ಅದೇ. ಅದನ್ನು ಅಲ್ಲಿ ಹಿಡಿದಿಟ್ಟಿರುವುದು ಏನು?

ಮೈಸೂರ್ ಸ್ಯಾಂಡಲ್ ಸೋಪಿನ ಹುಟ್ಟೇ ಒಂದು ತಡೆಯಿಂದ ಆದದ್ದು. 1914ರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಶುರುವಾಯಿತು. ಅಲ್ಲಿಯವರೆಗೆ ಮೈಸೂರು ಸಂಸ್ಥಾನದ ಕಾಡಿನ ಶ್ರೀಗಂಧ ಕೊರಡಿನ ರೂಪದಲ್ಲೇ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. ಯುದ್ಧದಿಂದ ಸಮುದ್ರದ ದಾರಿ ಕಟ್ಟಿ, ಕೊರಡುಗಳು ಇಲ್ಲೇ ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಎಣ್ಣೆಯನ್ನು ನಾವೇ ಏಕೆ ತೆಗೆಯಬಾರದು ಎಂಬ ಪ್ರಶ್ನೆ ಎದ್ದಿತು. ಕೈಗಾರಿಕೆ ನೋಡಿಕೊಳ್ಳುತ್ತಿದ್ದ ಆಲ್‌ಫ್ರೆಡ್ ಚಾಟರ್ಟನ್ ಮುಂದಾದರು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಭಟ್ಟಿ ಇಳಿಸುವ ಬಗೆ ಕಂಡುಕೊಂಡರು. 1916ರಲ್ಲಿ ಗಂಧದೆಣ್ಣೆ ಇಲ್ಲೇ ತಯಾರಾಗತೊಡಗಿತು.

ಎಣ್ಣೆ ಕೈಗೆ ಬಂದ ಮೇಲೆ ಸೋಪಿನ ಮಾತು. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ತರುಣ ರಸಾಯನಶಾಸ್ತ್ರಜ್ಞರನ್ನು ಆ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಅವರು ಕಲಿತು ಬಂದು ಇಲ್ಲಿ ಸೋಪು ಮಾಡಿದ್ದರಿಂದ ಮುಂದೆ ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು. 1918ರ ಹೊತ್ತಿಗೆ ಸೋಪು ಹೊರಬಂತು. ಆಗ ಪೇಟೆಯಲ್ಲಿ ಸಿಗುತ್ತಿದ್ದ ಸೋಪುಗಳು ಹೆಚ್ಚಾಗಿ ಚೌಕನೆಯವು. ಇದಕ್ಕೆ ಅಂಡಾಕಾರ ಕೊಟ್ಟರು. ಒಡವೆ ಇಡುವಂಥ ಪೆಟ್ಟಿಗೆ ಮಾಡಿಸಿದರು. ಸಿಂಹದ ಮೈ, ಆನೆಯ ತಲೆ ಇರುವ ಶರಭವನ್ನು ಗುರುತಾಗಿ ಇಟ್ಟರು. ಬಲವೂ ವಿವೇಕವೂ ಒಂದೇ ಮೈಯಲ್ಲಿ ಕೂಡಿದ ಪುರಾಣದ ಜೀವಿ ಅದು.

ಆ ಪೆಟ್ಟಿಗೆ ಬಿಚ್ಚುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಕೆಂಪು ಹಸಿರಿನ ಹೂಬಳ್ಳಿಯ ರಟ್ಟು. ಒಳಗೆ ತೆಳು ಕಾಗದ. ಕಾಗದ ಸರಿಸುವ ಮೊದಲೇ ಪರಿಮಳ ಹೊರಗೆ ಬಂದಿರುತ್ತದೆ. ಹೊಸ ಸೋಪಿಗೆ ಮೊದಲ ದಿನ ಅಂಗೈ ತುಂಬುವ ಭಾರ, ಅಂಚೆಲ್ಲ ನುಣುಪು. ದಿನ ಕಳೆದಂತೆ ಮುದ್ರೆಯ ಗೆರೆಗಳು ಸವೆದು, ಉಬ್ಬು ಇಳಿದು, ಕೊನೆಗೆ ಬೆರಳ ಸಂದಿಯಲ್ಲಿ ಜಾರುವ ಒಂದು ಬಿಲ್ಲೆ ಉಳಿಯುತ್ತದೆ. ಅದನ್ನು ಎಸೆಯುವವರು ನಮ್ಮಲ್ಲಿ ಕಡಿಮೆ. ಒದ್ದೆ ಮಾಡಿ ಹೊಸ ಸೋಪಿನ ಬೆನ್ನಿಗೆ ಒತ್ತಿದರೆ ಎರಡೂ ಒಂದಾಗುತ್ತವೆ. ಹೀಗೆ ಒತ್ತುತ್ತ ಬಂದ ಮನೆಯಲ್ಲಿ ಸೋಪು ಯಾವತ್ತು ಮುಗಿಯಿತು, ಯಾವತ್ತು ಶುರುವಾಯಿತು ಎಂದು ಹೇಳುವಂತಿಲ್ಲ. ಬಳಕೆ ಪರಂಪರೆಯಾಗುವುದು ಬಚ್ಚಲಿನಂಥ ಜಾಗದಲ್ಲಿ, ಯಾರೂ ಗಮನಿಸದೆ.

ನಮ್ಮಜ್ಜಿ ಖಾಲಿ ಪೆಟ್ಟಿಗೆಯನ್ನೂ ಬಿಸಾಕುತ್ತಿರಲಿಲ್ಲ. ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯ ನಡುವೆ ಇಡುತ್ತಿದ್ದಳು. ಗೌರಿ ಹಬ್ಬಕ್ಕೆ ಟ್ರಂಕು ತೆರೆದಾಗ ಸೀರೆಯ ಜರಿ, ನುಸಿಗುಳಿಗೆ, ಗಂಧ ಮೂರೂ ಬೆರೆತ ಒಂದು ವಾಸನೆ ಏಳುತ್ತಿತ್ತು. ಇಷ್ಟು ದಿನ ಆ ಪರಿಮಳ ಉಳಿಯುವುದಕ್ಕೆ ಕಾರಣ ಗಂಧದೆಣ್ಣೆಯ ಗುಣದಲ್ಲೇ ಇದೆ. ಮರದ ನಡುಭಾಗದ ಚೇಗಿನಲ್ಲಿರುವ ಸ್ಯಾಂಟಲಾಲ್ ಎಂಬ ಅಂಶ ಬೇಗ ಆರಿಹೋಗುವುದಿಲ್ಲ. ಬೇರೆ ಸುಗಂಧಗಳನ್ನೂ ತನ್ನೊಡನೆ ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿದೆ. ಅತ್ತರು ಮಾಡುವವರು ಶತಮಾನಗಳಿಂದ ಹೂವಿನ ಸಾರವನ್ನು ಗಂಧದೆಣ್ಣೆಗೆ ಇಳಿಸಿಕೊಳ್ಳುತ್ತ ಬಂದಿರುವುದು ಇದೇ ಕಾರಣಕ್ಕೆ.

ವಾಸನೆಗೆ ಮನುಷ್ಯನ ತಲೆಯಲ್ಲಿ ವಿಶೇಷವಾದ ದಾರಿಯೊಂದಿದೆ. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮಿದುಳಿನ ನಡುವಿನ ಥಲಾಮಸ್ ಎಂಬ ಕೇಂದ್ರವನ್ನು ಹಾದು ಮುಂದೆ ಹೋಗುತ್ತದೆ. ಮೂಗಿಗೆ ಬಂದದ್ದು ಆ ಕೇಂದ್ರವನ್ನು ಮೊದಲು ಹಾಯದೆ, ಭಾವನೆಗೂ ನೆನಪಿಗೂ ಸಂಬಂಧಿಸಿದ ಭಾಗಗಳನ್ನು ತಲುಪಬಲ್ಲದು. ಒಂದು ಪರಿಮಳಕ್ಕೆ ಕಣ್ಣು ಒದ್ದೆಯಾಗಿ, ಏಕೆಂದು ತಿಳಿಯದೆ ನಿಂತುಬಿಡುವ ಅನುಭವ ಎಲ್ಲರಿಗೂ ಇದ್ದೇ ಇದೆ. ವಾಸನೆಗಳ ಈ ಕಲಿಕೆ ಮಗು ಹುಟ್ಟುವ ಮೊದಲೇ ಆರಂಭವಾಗುತ್ತದೆ ಎಂಬುದು ಇನ್ನೂ ದೊಡ್ಡ ಸೋಜಿಗ. ಫ್ರಾನ್ಸಿನ ಬೆನುವಾ ಶಾಲ್ ಮತ್ತು ಅವರ ಜೊತೆಗಾರರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಸುರಿಯಾಗಿದ್ದಾಗ ಸೋಂಪಿನ ಪರಿಮಳದ ತಿನಿಸು ತಿಂದ ತಾಯಂದಿರ ಕೂಸುಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಆ ವಾಸನೆಯತ್ತ ಒಲವು ತೋರಿದವು. ತಿನ್ನದವರ ಕೂಸುಗಳಿಗೆ ಆ ಒಲವಿರಲಿಲ್ಲ. ಕಣ್ಣು ಪೂರ್ತಿ ನೆಲೆಗೊಳ್ಳುವ ಮುನ್ನವೇ ಮಗು ‘ಇದು ನನ್ನ ಮನೆಯದು’ ಎಂದು ಒಂದು ವಾಸನೆಯನ್ನು ಗುರುತಿಸುತ್ತದೆ. ಎಣ್ಣೆನೀರು ಎರೆಸಿಕೊಂಡ ಕೂಸಿನ ಮೈಗೆ, ಅದನ್ನು ಎತ್ತಿಕೊಂಡ ಅಜ್ಜಿಯ ಸೆರಗಿಗೆ ಒಂದೇ ಪರಿಮಳವಿದ್ದರೆ, ಆ ಪರಿಮಳಕ್ಕೆ ಮುಂದೆ ಯಾವ ಜಾಹೀರಾತು ತಾನೇ ಸಾಟಿಯಾದೀತು?

ಹಾಗೆಂದು ಎಲ್ಲವನ್ನೂ ಮೂಗಿಗೆ, ನಾಲಗೆಗೆ ಒಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ. ಅಮೆರಿಕದ ಕೋಕಾ ಕೋಲಾ ಕಂಪನಿ ಹಾಗೆ ನಂಬಿ ಪಾಠ ಕಲಿಯಿತು. ಪೆಪ್ಸಿ ಪೈಪೋಟಿಗೆ ಬಿದ್ದು ಹತ್ತಿರ ಬಂದಾಗ ಅದು ಹೆಚ್ಚು ಸಿಹಿಯಾದ ಹೊಸ ರುಚಿ ಸಿದ್ಧಮಾಡಿತು. ಸುಮಾರು ಎರಡು ಲಕ್ಷ ಜನರಿಗೆ ಕುಡಿಸಿ ನೋಡಿತು. ಹೆಸರು ಹೇಳದೆ ಕುಡಿಸಿದಾಗ ಹೆಚ್ಚಿನವರು ಹೊಸದೇ ಚೆನ್ನಾಗಿದೆ ಎಂದರು. 1985ರ ಏಪ್ರಿಲ್ 23ರಂದು ಹಳೆಯದನ್ನು ನಿಲ್ಲಿಸಿ ಹೊಸದನ್ನು ಬಿಟ್ಟರು. ಜನ ರೊಚ್ಚಿಗೆದ್ದರು. ಫೋನು, ಪತ್ರಗಳ ಸುರಿಮಳೆಯಾಯಿತು. ಕೆಲವರು ಹಳೆಯ ಬಾಟಲಿಗಳನ್ನು ಕೊಂಡು ಮನೆಯಲ್ಲಿ ಪೇರಿಸಿಟ್ಟುಕೊಂಡರು. 79 ದಿನಕ್ಕೆ ಕಂಪನಿ ಸೋತು ಹಳೆಯದನ್ನೇ ವಾಪಸು ತಂದಿತು. ಕಂಪನಿ ನಾಲಗೆಯನ್ನು ಕೇಳಿತ್ತು, ನೆನಪನ್ನು ಕೇಳಿರಲಿಲ್ಲ. ಚೆನ್ನಾಗಿರುವುದು ಬೇರೆ, ನಮ್ಮದಾಗಿರುವುದು ಬೇರೆ ಎಂಬುದು ಎರಡು ಲಕ್ಷ ಲೋಟಗಳಲ್ಲೂ ಕಾಣಿಸಲಿಲ್ಲ.

ಅದು ಕಾಣಿಸಿದ್ದು ಮುಂದೆ, 2004ರಲ್ಲಿ, ರೀಡ್ ಮಾಂಟಗ್ಯೂ ಅವರ ತಂಡ ಹ್ಯೂಸ್ಟನ್ನಿನಲ್ಲಿ ಮಾಡಿದ ಪ್ರಯೋಗದಲ್ಲಿ. ಜನರನ್ನು ಮಿದುಳಿನ ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಕೊಳವೆಯ ಮೂಲಕ ಗುಟುಕು ಗುಟುಕಾಗಿ ಕೋಕ್ ಮತ್ತು ಪೆಪ್ಸಿ ಕುಡಿಸಿದರು. ಹೆಸರು ತಿಳಿಯದಾಗ ಮೆಚ್ಚುಗೆ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಯಿತು. ‘ಇದು ಕೋಕ್’ ಎಂದು ತೋರಿಸಿದಾಗ ಆಯ್ಕೆ ಅದರ ಕಡೆ ವಾಲಿತು. ಆಗ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಕೂಡ ಚುರುಕಾಗಿತ್ತು, ಅಂದರೆ ನೆನಪಿಗೆ ಮುಖ್ಯವಾದ ಭಾಗ. ಬಾಯಲ್ಲಿದ್ದ ದ್ರವ ಅದೇ. ಹೆಸರು ಕೇಳಿದೊಡನೆ ಕುಡಿಯುವವನ ಜೊತೆ ಅವನ ಬಾಲ್ಯವೂ ಕುಡಿಯತೊಡಗಿತು ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ.

ಊರು ಬಿಟ್ಟವರಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಬ್ರೊನೆನ್‌ಬರ್ಗ್, ಡುಬೆ, ಜೆಂಟ್ಸ್‌ಕೋ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಹೋದ ಕುಟುಂಬಗಳ ಖರೀದಿಯನ್ನು ಹಿಂಬಾಲಿಸಿ ನೋಡಿದರು. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಊರು ಬದಲಾದ ಕೂಡಲೇ ಹಳೆಯ ಊರಿಗೂ ಹೊಸ ಊರಿಗೂ ಇದ್ದ ಬ್ರ್ಯಾಂಡ್ ವ್ಯತ್ಯಾಸದಲ್ಲಿ ಶೇ. 60ರಷ್ಟು ಮುಚ್ಚಿಹೋಗುತ್ತದೆ. ಹೊಸ ಊರಿನ ಅಂಗಡಿಯಲ್ಲಿ ಸಿಕ್ಕಿದ್ದನ್ನು ಜನ ಕೊಳ್ಳುತ್ತಾರೆ. ಉಳಿದ ಶೇ. 40 ಮಾತ್ರ ಜಗ್ಗುವುದಿಲ್ಲ. ಅದು ಕರಗಲು ದಶಕಗಳೇ ಬೇಕು.

ಈ ಶೇ. 40 ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಬೆಂಗಳೂರಿನಿಂದ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಿಯ ಸೂಟ್‌ಕೇಸ್ ನೋಡಬೇಕು. ಮನೆಯ ತೂಕದ ಯಂತ್ರದ ಮೇಲೆ ಅದನ್ನು ಇಟ್ಟು, 23 ಕಿಲೋ ದಾಟಿತೆಂದು ತನ್ನದೇ ಎರಡು ಸೀರೆ ತೆಗೆದು ಹೊರಗಿಡುತ್ತಾಳೆ. ಕಾಫಿಪುಡಿ ತೆಗೆಯುವುದಿಲ್ಲ. ಹುಳಿಪುಡಿಯನ್ನಂತೂ ಮುಟ್ಟುವುದಿಲ್ಲ. ಸಂದಿಗಳಲ್ಲಿ ಗಂಧದ ಸೋಪು ತುರುಕುತ್ತಾಳೆ. ‘ಅಮ್ಮಾ, ಇಲ್ಲಿನ ಇಂಡಿಯನ್ ಸ್ಟೋರಲ್ಲಿ ಎಲ್ಲಾ ಸಿಗುತ್ತೆ ಕಣೇ’ ಎಂದು ಮಗಳು ಫೋನಿನಲ್ಲಿ ಹೇಳಿರುತ್ತಾಳೆ. ‘ಸಿಕ್ಕರೆ ಸಿಗಲಿ ಬಿಡು, ನಮ್ಮ ಅಂಗಡಿಯದು ಬೇರೆ’ ಎಂಬುದು ತಾಯಿಯ ಉತ್ತರ. ಕಾಫಿ ಬೀಜಕ್ಕೆ ಎಷ್ಟು ಪಾಲು ಚಿಕೋರಿ ಎಂದು ಕೇಳಿ, ತನ್ನ ಕಣ್ಣೆದುರೇ ಬೀಸಿಸಿ, ಬಿಸಿ ಆರುವ ಮೊದಲೇ ಪ್ಯಾಕ್ ಮಾಡಿಸಿ ತಂದ ಪುಡಿ ಅದು. ಸಾಗರದಾಚೆ ಆ ಪುಡಿಯಿಂದ ಇಳಿಯುವ ಡಿಕಾಕ್ಷನ್ನಿನಲ್ಲಿ ಮಗಳಿಗೆ ರುಚಿಯಷ್ಟೇ ಸಿಗುವುದಿಲ್ಲ, ಬೆಳಗಿನ ಆರು ಗಂಟೆಯ ತವರುಮನೆ ಸಿಗುತ್ತದೆ.

ಯೋಚಿಸಿದಷ್ಟೂ ನನಗನ್ನಿಸುವುದು ಇದು: ನಾವು ಬ್ರ್ಯಾಂಡಿಗೆ ನಿಷ್ಠರಾಗಿರುತ್ತೇವೆ ಎನ್ನುವುದು ಅರ್ಧ ಮಾತು. ಅದನ್ನು ನಮ್ಮ ಕೈಗಿಟ್ಟವರಿಗೆ ನಾವು ನಿಷ್ಠರಾಗಿರುತ್ತೇವೆ. ಅಪ್ಪ ಓದುತ್ತಿದ್ದ ಪತ್ರಿಕೆ, ಅಮ್ಮ ತಲೆಗೆ ಹಚ್ಚುತ್ತಿದ್ದ ಎಣ್ಣೆ, ದೇವರ ಗೂಡಿನ ಮುಂದೆ ಅಜ್ಜ ಹಚ್ಚುತ್ತಿದ್ದ ಊದುಬತ್ತಿ. ಇವುಗಳನ್ನು ಬದಲಿಸಲು ಕೈ ಏಳದಿರುವುದಕ್ಕೆ ಕಾರಣ ಅವುಗಳ ಗುಣವೊಂದೇ ಅಲ್ಲ, ಅವರ ತೀರ್ಮಾನವನ್ನು ತಳ್ಳಿಹಾಕಿದಂತಾಗುತ್ತದೆ ಎಂಬ ಒಳಗಿನ ಅಳುಕು. ಅವರು ಹೋದ ಮೇಲೂ ಅವರ ಆಯ್ಕೆ ಮನೆಯಲ್ಲಿ ಓಡಾಡಿಕೊಂಡಿರುತ್ತದೆ.

ನಾವು ಎಲ್ಲ ವಸ್ತುವಿಗೂ ಹೀಗೆ ಅಂಟಿಕೊಳ್ಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಪೊರಕೆಗೆ, ಬಕೆಟ್ಟಿಗೆ, ಬಟ್ಟೆ ಒಣಹಾಕುವ ಹಗ್ಗಕ್ಕೆ ಯಾರೂ ಹೆಸರು ಹೇಳಿ ಕೇಳುವುದಿಲ್ಲ. ಸೋಪು, ಹಾಲು, ಕಾಫಿ, ತುಪ್ಪ, ಮಗುವಿನ ಪುಡಿ ಇವಕ್ಕೆ ಕೇಳುತ್ತೇವೆ. ಮೈಗೆ ತಾಗುವುದು, ಹೊಟ್ಟೆಗೆ ಹೋಗುವುದು ಒಂದು ಕಾರಣ. ಕೊಳ್ಳುವ ಹೊತ್ತಿಗೆ ಒಳಗಿರುವುದು ಏನೆಂದು ಕಣ್ಣಿಗೆ ಕಾಣದಿರುವುದು ಇನ್ನೊಂದು. ಹಗ್ಗವನ್ನು ಜಗ್ಗಿ ನೋಡಬಹುದು. ತುಪ್ಪದಲ್ಲಿ ಡಾಲ್ಡಾ ಬೆರೆತಿದೆಯೇ ಎಂದು ಅಂಗಡಿಯಲ್ಲಿ ನಿಂತು ಹೇಗೆ ನೋಡುವುದು? ಜಾರ್ಜ್ ಅಕರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರ ತಮ್ಮ ಹೆಸರಾಂತ ಪ್ರಬಂಧದಲ್ಲಿ ಹೇಳಿದ್ದು ಇದನ್ನೇ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿರದ ಕಡೆ ಮೋಸ ಬೆಳೆಯುತ್ತದೆ, ಒಳ್ಳೆಯ ಸರಕು ಸಂತೆಯಿಂದಲೇ ಹೊರಬೀಳುತ್ತದೆ. ಅದನ್ನು ತಡೆಯುವ ಉಪಾಯಗಳಲ್ಲಿ ಬ್ರ್ಯಾಂಡಿನ ಹೆಸರೂ ಒಂದು.

ಹಿಂದೆ ಆ ಕೆಲಸ ಮನುಷ್ಯರು ಮಾಡುತ್ತಿದ್ದರು. ತುಪ್ಪವನ್ನು ಗೊತ್ತಿದ್ದ ಮನೆಯಿಂದಲೇ ತರುತ್ತಿದ್ದೆವು. ಎಣ್ಣೆಯನ್ನು ಗಾಣದವರ ಹೆಸರು ನೋಡಿ ಕೊಳ್ಳುತ್ತಿದ್ದೆವು. ಊರು ದೊಡ್ಡದಾಗಿ ಗಾಣದವರ ಮುಖ ಕಾಣದಂತಾದಾಗ, ಮುಖದ ಜಾಗಕ್ಕೆ ಮುದ್ರೆ ಬಂತು. ಮುದ್ರೆಯ ಮೇಲೆ ನಾವಿಟ್ಟದ್ದು ಮುಖದ ಮೇಲೆ ಇಡುತ್ತಿದ್ದ ಅದೇ ನಂಬಿಕೆ.

ಒಳಗಿರುವುದು ತಿಳಿಯದ ಕಡೆಯೇ ನಾವು ಹೆಸರನ್ನು ನಂಬುತ್ತೇವೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಬಲ್ಲವರ ನಡತೆಯಲ್ಲಿ ಸಿಗುತ್ತದೆ. ವಲಸೆಯ ಅಧ್ಯಯನ ಮಾಡಿದ ಅದೇ ಮೂವರು ಅರ್ಥಶಾಸ್ತ್ರಜ್ಞರು ಇನ್ನೊಬ್ಬರ ಜೊತೆಗೂಡಿ ನಡೆಸಿದ ಮತ್ತೊಂದು ಅಧ್ಯಯನದಲ್ಲಿ, ಅಮೆರಿಕದ ಔಷಧತಜ್ಞರು ತಮ್ಮ ಮನೆಗೆ ತಲೆನೋವಿನ ಮಾತ್ರೆ ಕೊಳ್ಳುವಾಗ ದೊಡ್ಡ ಹೆಸರಿನದ್ದನ್ನು ಬಿಟ್ಟು, ಅದೇ ಮದ್ದಿರುವ ಅಗ್ಗದ ಮಾತ್ರೆಯನ್ನು ಸಾಮಾನ್ಯರಿಗಿಂತ ಹೆಚ್ಚಾಗಿ ಆರಿಸುತ್ತಾರೆ ಎಂದು ಕಂಡುಬಂತು. ಬಾಣಸಿಗರು ಉಪ್ಪು, ಸಕ್ಕರೆ ಕೊಳ್ಳುವಾಗಲೂ ಹಾಗೆಯೇ. ಉಪ್ಪು ಉಪ್ಪೇ ಎಂದು ಅವರಿಗೆ ಗೊತ್ತು. ಅರಿವು ಇರುವಲ್ಲಿ ಹೆಸರಿನ ಹಂಗು ಕಡಿಮೆ. ಅರಿಯಲಾಗದ ಕಡೆ ಹೆಸರೇ ನಮಗೆ ಕಣ್ಣು.

ಕೆಲವು ಹೆಸರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾಡಿನ ಸ್ವತ್ತಾಗಿಬಿಡುತ್ತವೆ. 2023ರ ಏಪ್ರಿಲ್‌ನಲ್ಲಿ, ವಿಧಾನಸಭೆ ಚುನಾವಣೆಯ ಹೊತ್ತಿನಲ್ಲಿ, ಅಮುಲ್ ಬೆಂಗಳೂರಿನಲ್ಲಿ ಹಾಲು ಮೊಸರು ಮಾರುವುದಾಗಿ ಹೇಳಿದಾಗ ಎದ್ದ ಕೂಗು ನೆನಪಿರಬಹುದು. ಗುಜರಾತಿನ ಅಮುಲ್, ಕರ್ನಾಟಕದ ನಂದಿನಿ ಎರಡೂ ಸಹಕಾರಿ ಸಂಸ್ಥೆಗಳವೇ. ಎರಡರ ಹಾಲೂ ಹಸು ಎಮ್ಮೆಯದ್ದೇ. ಆದರೂ ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿಯನ್ನೇ ಬಳಸೋಣ ಎಂದು ಕರೆ ಕೊಟ್ಟಿತು. ರಾಜಕೀಯವನ್ನು ಬದಿಗಿಟ್ಟು ನೋಡಿದರೂ, ಸಾಮಾನ್ಯ ಜನರ ಮನಸ್ಸಿಗೆ ಎಲ್ಲೋ ತಾಗಿದ್ದಂತೂ ನಿಜ.

ಅದು ಏಕೆ ತಾಗಿತು ಎಂದು ತಿಳಿಯಲು ಬೆಳಗಿನ ಜಾವ ಯಾವುದಾದರೂ ಹಳ್ಳಿಯ ಡೇರಿಯ ಮುಂದೆ ನಿಲ್ಲಬೇಕು. ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ಹೆಂಗಸರು, ಹುಡುಗರು ಸ್ಟೀಲಿನ ಕ್ಯಾನು, ತಂಬಿಗೆ ಹಿಡಿದು ಸಾಲಾಗಿ ನಿಂತಿರುತ್ತಾರೆ. ಒಬ್ಬೊಬ್ಬರ ಹಾಲನ್ನೂ ಅಳೆದು, ಒಂದಿಷ್ಟು ತೆಗೆದು ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ‘ನಿನ್ನೆಗಿಂತ ಕಮ್ಮಿ ಬಂದಿದೆಯಲ್ಲಕ್ಕ ಫ್ಯಾಟು, ಹಿಂಡಿ ಹಾಕಿಲ್ವಾ?’ ಎಂದು ಕಾರ್ಯದರ್ಶಿ ಕೇಳಿದರೆ, ‘ಹಸಿಹುಲ್ಲು ಜಾಸ್ತಿ ತಿಂದೈತೆ ಕಣಪ್ಪ’ ಎಂಬ ಉತ್ತರ. ಒಂದೇ ಹಸು ಇದ್ದವಳೂ ಅಲ್ಲಿ ಹಾಲು ಹಾಕುತ್ತಾಳೆ, ಆ ದುಡ್ಡಿನಲ್ಲಿ ಮಗನ ಫೀಜು ಕಟ್ಟುತ್ತಾಳೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾದ ಹೈನು ಯೋಜನೆ ಹೀಗೆ ಲಕ್ಷಾಂತರ ಮನೆಗಳಿಗೆ ತಲುಪಿದೆ. ಪಟ್ಟಣದಲ್ಲಿ ಗೇಟಿನ ಚೀಲಕ್ಕೆ ಬಂದು ಬೀಳುವ ನೀಲಿ ಪ್ಯಾಕೆಟ್ಟಿನ ಹಿಂದೆ ತನ್ನ ಚಿಕ್ಕಮ್ಮನೋ ಸೋದರಮಾವನೋ ಇದ್ದಾರೆ ಎಂದು ಬಲ್ಲವನಿಗೆ ಆ ಪ್ಯಾಕೆಟ್ಟು ಬರೀ ಸರಕಾಗಿ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಈ ನಿಷ್ಠೆಯ ಮಿತಿಯನ್ನೂ ಹೇಳಲೇಬೇಕು. ಇಂಗ್ಲೆಂಡಿನ ಆಂಡ್ರೂ ಎಹ್ರೆನ್‌ಬರ್ಗ್ ಎಂಬ ಸಂಶೋಧಕರು ದಶಕಗಳ ಕಾಲ ಜನರ ಖರೀದಿಯ ಲೆಕ್ಕಗಳನ್ನು ಪರಿಶೀಲಿಸಿ, ಒಂದೇ ಬ್ರ್ಯಾಂಡಿಗೆ ಪೂರ್ತಿ ಕಟ್ಟುಬಿದ್ದವರು ಕಡಿಮೆ ಎಂದು ತೋರಿಸಿದರು. ಹೆಚ್ಚಿನವರು ನಾಲ್ಕಾರು ಹೆಸರುಗಳ ನಡುವೆ ಓಡಾಡಿಕೊಂಡಿರುತ್ತಾರೆ. ದೊಡ್ಡ ಹೆಸರಿಗೆ ಕೊಳ್ಳುವವರೂ ಹೆಚ್ಚು, ಅವರ ನಿಷ್ಠೆಯೂ ತುಸು ಹೆಚ್ಚು. ಸಣ್ಣ ಹೆಸರಿಗೆ ಎರಡೂ ಕಡೆ ನಷ್ಟ. ಅಂದರೆ ನಾವು ಪ್ರೀತಿ ಎಂದುಕೊಂಡಿರುವುದರಲ್ಲಿ ರೂಢಿಯ ಪಾಲು ದೊಡ್ಡದು, ಅಂಗಡಿಯಲ್ಲಿ ಕೈಗೆಟುಕುವಂತೆ ಇಟ್ಟಿರುವುದರ ಪಾಲೂ ಉಂಟು. ಇದನ್ನು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ರೂಢಿಯನ್ನು ಕೀಳು ಎಂದು ನಾನು ಭಾವಿಸುವುದಿಲ್ಲ. ದಿನವೂ ಎಲ್ಲವನ್ನೂ ಮೊದಲಿಂದ ತೂಗಿ ಆರಿಸುತ್ತ ಕೂತರೆ ಬದುಕು ನಡೆಯುವುದಿಲ್ಲ. ಒಂದು ಸಲ ನಂಬಿ, ಆ ಚಿಂತೆಯನ್ನು ಅಲ್ಲಿಗೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದೂ ಬಾಳಿನ ಜಾಣತನವೇ.

ಇನ್ನೊಂದು ಮಿತಿ ಹೆಚ್ಚು ಗಂಭೀರವಾದದ್ದು. ನಂಬಿಕೆ ನಮ್ಮ ಕಡೆಯಿಂದ ತಲೆಮಾರುಗಳ ಕಾಲ ನಡೆಯುತ್ತದೆ. ಆ ಕಡೆ ಅದನ್ನು ಪಡೆಯುವವರು ಬದಲಾಗುತ್ತಲೇ ಇರುತ್ತಾರೆ. 1924ರಲ್ಲಿ ಸಣ್ಣ ಹೋಟೆಲ್ಲಾಗಿ ಹುಟ್ಟಿದ ಎಂಟಿಆರ್ ಬೆಂಗಳೂರಿನ ನಾಲಗೆಯ ಒಂದು ಭಾಗ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಮಾಡಿ ಬಡಿಸಿದ ಮನೆ ಅದು. ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ದರ ಇಳಿಸಬೇಕಾಗಿ ಬಂದು ಹೋಟೆಲ್ ನಡೆಸುವುದೇ ಕಷ್ಟವಾದಾಗ ಪುಡಿಗಳ, ಮಿಕ್ಸ್‌ಗಳ ವ್ಯಾಪಾರಕ್ಕೆ ಇಳಿಯಿತು. ಹೋಟೆಲ್ ಇಂದಿಗೂ ಮನೆತನದವರ ಕೈಯಲ್ಲಿದೆ. ಪುಡಿಯ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಸಾರಿನ ಪುಡಿಯ ಪೊಟ್ಟಣದ ಮೇಲಿನ ಹೆಸರು ಅದೇ ಇತ್ತು, ಕೊಳ್ಳುವವರೂ ಅವರೇ ಇದ್ದರು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಆ ವ್ಯವಹಾರದಲ್ಲಿ ಕೈಬದಲಾದ ಸ್ವತ್ತಿನಲ್ಲಿ ಯಂತ್ರ, ಗೋದಾಮುಗಳ ಜೊತೆಗೆ ನಮ್ಮ ಅಮ್ಮಂದಿರ ನಂಬಿಕೆಯೂ ಸೇರಿತ್ತು. ಅದಕ್ಕೂ ಬೆಲೆ ಕಟ್ಟಿಯೇ ಕೊಂಡಿರುತ್ತಾರೆ.

ಆದ್ದರಿಂದ ತಯಾರಿಸುವವರಿಗೆ ಹೇಳಬೇಕಾದ ಮಾತೊಂದಿದೆ. ಹೆಸರು ನಿಮ್ಮದು, ಕಾಗದಪತ್ರವೂ ನಿಮ್ಮದೇ. ಆ ಹೆಸರಿನೊಳಗಿನ ನಂಬಿಕೆಯನ್ನು ಕೂಡಿಟ್ಟವರು ಮಾತ್ರ ಬೇರೆ. ದಿನಕ್ಕಿಷ್ಟು ಎಂದು ಬಚ್ಚಲಲ್ಲಿ, ಅಡುಗೆಮನೆಯಲ್ಲಿ, ದೇವರ ಮುಂದೆ ಕೂಡಿಟ್ಟ ಗಂಟು ಅದು. ಬೆಲೆ ಏರಿಸದೆ ತೂಕ ಇಳಿಸಿದಾಗ, ಹೊದಿಕೆ ಹಾಗೇ ಇಟ್ಟು ಒಳಗಿನ ಸರಕು ತೆಳುಮಾಡಿದಾಗ, ಮೋಸಹೋಗುವುದು ಇವತ್ತಿನ ಗಿರಾಕಿ ಒಬ್ಬನೇ ಅಲ್ಲ. ಅವನಿಗೆ ಆ ಹೆಸರನ್ನು ಹೇಳಿಕೊಟ್ಟು ಹೋದವರೂ ಸುಳ್ಳುಗಾರರಾಗುತ್ತಾರೆ. ಅದು ಸಣ್ಣ ಅಪರಾಧವಲ್ಲ.

ಕೊಳ್ಳುವ ನಮಗೂ ಒಂದು ಕರ್ತವ್ಯವಿದೆ. ಪ್ರೀತಿಯಿಂದ ನಂಬೋಣ, ಕಣ್ಣು ತೆರೆದು ನಂಬೋಣ. ಸೋಪಿನ ಪೊಟ್ಟಣದ ಹಿಂದೆ ಟಿಎಫ್‌ಎಂ ಎಂದು ಬರೆದಿರುತ್ತದೆ. ಸೋಪಿನಲ್ಲಿ ಕೊಬ್ಬಿನಾಂಶ ಎಷ್ಟೆಂಬ ಲೆಕ್ಕ ಅದು. ನಮ್ಮ ದೇಶದ ಮಾನಕದ ಪ್ರಕಾರ ಗ್ರೇಡ್ 1 ಅನಿಸಿಕೊಳ್ಳಲು ಅದು ಕನಿಷ್ಠ ಶೇ. 76 ಇರಬೇಕು. ‘ಬೇಥಿಂಗ್ ಬಾರ್’ ಎಂದು ಬರೆದಿದ್ದರೆ ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ಕಾಫಿಪುಡಿಯ ಪೊಟ್ಟಣದ ಮೇಲೆ ಚಿಕೋರಿ ಶೇಕಡಾ ಎಷ್ಟೆಂದು ಅಚ್ಚಾಗಿರುತ್ತದೆ. ಓದಲು ಅರ್ಧ ನಿಮಿಷ ಸಾಕು. ಓದಿದ ಮೇಲೂ ನಿಮ್ಮ ಹೆಸರೇ ಗೆದ್ದರೆ, ಆ ಗೆಲುವಿನಲ್ಲಿ ಹಿರಿಯರಿಗೂ ಪಾಲುಂಟು.

ಈ ವಾರ ಮನೆಗೆ ಸಾಮಾನು ಬಂದಾಗ ಒಂದು ಕೆಲಸ ಮಾಡಿ. ನೀವು ಬದಲಿಸಲು ಒಪ್ಪದ ಒಂದು ಪೊಟ್ಟಣವನ್ನು ತಿರುಗಿಸಿ ಹಿಂಬದಿಯನ್ನು ಪೂರ್ತಿ ಓದಿ. ಆಮೇಲೆ ಮನೆಯ ಹಿರಿಯರ ಹತ್ತಿರ ಹೋಗಿ, ಅದನ್ನು ನಿಮ್ಮ ಮನೆಗೆ ಮೊದಲು ತಂದವರು ಯಾರು, ಯಾಕೆ ತಂದರು ಎಂದು ಕೇಳಿ. ಹೇಳುವವರು ಇರುವಾಗಲೇ ಕೇಳಿಬಿಡಿ.